ಮೂರನೆಯದಕ್ಕೆ ಗಾಳಿ ಕಡಿಮೆ

ಮೋಕಾ ದಾಟುವ ಮುನ್ನವೇ ವ್ಯಾನು ಕೆಮ್ಮಿತು.
ಹಿಂದೆ ಆದೋನಿಗೆಂದು ಕಟ್ಟಿದ ನೂರಾ ನಲವತ್ತು ಜೀನ್ಸ್ ಪ್ಯಾಂಟು,
ಮುಂದೆ ಮೆಣಸಿನಕಾಯಿ ಲಾರಿ, ಮೂಗಿಗೆ ಅದರ ಘಾಟು,
ತಲೆಯ ಮೇಲೆ ಏಪ್ರಿಲ್.
ಎಳೆಸಿಕೊಂಡು ಬಂದೆ ಕೌಲ್ ಬಜಾರಿಗೆ,
ಶೇಕ್ಷಾವಲಿಯ ಬೇವಿನ ಮರದಡಿಗೆ.

ನೀರು ಕುಡಿಯದ ಪ್ರಾಣಿ ಇದು, ರೇಡಿಯೇಟರ್ ಇಲ್ಲ.
ಮಿಷನ್ ಆಸ್ಪತ್ರೆಯ ಹರಾಜಿನಲ್ಲಿ ನಮ್ಮಪ್ಪ ಹಿಡಿದದ್ದು.
ಇಂಜಿನ್ನು ಬೆನ್ನಿಗೆ, ಗಾಳಿಯೇ ಅದರ ಬಾವಿ.
ಬಳ್ಳಾರಿಯ ಗಾಳಿ ಎಂಥದೆಂದು
ಜರ್ಮನಿಯಲ್ಲಿ ಅದನ್ನು ಜೋಡಿಸಿದವರಿಗೆ
ಯಾರೂ ಹೇಳಿದಂತಿಲ್ಲ.

ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ
ಪಾಯಿಂಟಿನ ಎರಡು ತುಟಿ ತೋರಿಸಿದ:
ಸುಟ್ಟು ಒಂದಕ್ಕೆ ಗುಂಡಿ, ಇನ್ನೊಂದಕ್ಕೆ ಗುಡ್ಡ.

ಮಗ ಜಿಲಾನ್ ಫೋನು ಹಿಡಿದು ಬಂದ.
"ಈಗ ಯಾರು ಹಾಕ್ತಾರ್ರೀ ಪಾಯಿಂಟು?
ಮ್ಯಾಗ್ನೆಟ್ಟಿನ ಬಳೆ ಐತೆ, ತೊಡಿಸಿಬಿಟ್ರೆ ಆಯ್ತು,
ತಿಕ್ಕೋದಿಲ್ಲ, ಸವೆಯೋದಿಲ್ಲ,
ನಾಲ್ಕಕ್ಕೂ ಒಂದೇ ಅಳತೆ, ಕೂದಲಷ್ಟು ಫರಕಿಲ್ಲ."
ಇನ್ನೊಂದೂ ಇತ್ತು ಅವನ ಫೋನಿನಲ್ಲಿ:
ಕ್ರ್ಯಾಂಕಿನ ಪುಲ್ಲಿಗೆ ಮೂವತ್ತಾರು ಹಲ್ಲಿನ ಚಕ್ರ,
ಒಂದು ಹಲ್ಲು ಬೇಕೆಂದೇ ಕಿತ್ತದ್ದು.
ಆ ಬೊಚ್ಚಿನಿಂದಲೇ ಅದು ಎಣಿಕೆ ಶುರು ಮಾಡುತ್ತದಂತೆ.
ನನಗದು ಬಹಳ ಹಿಡಿಸಿತು.
ಬೆಲೆ ಕೇಳಿ ಚಹಾ ತರಿಸಿದೆ.

"ಪಾಯಿಂಟು ಸಾಯೋಕೆ ಮುಂಚೆ ಕೆಮ್ಮತೈತೆ," ಎಂದ ಶೇಕ್ಷಾವಲಿ,
"ತಿಂಗಳ ಮೊದಲೇ ಹೇಳತೈತೆ. ಡಬ್ಬಿ ಹೇಳೋದಿಲ್ಲ.
ಈ ಬಿಸಿಲಿಗೆ ಕಣ್ಣು ಮುಚ್ಚಿತು ಅಂದ್ರೆ ಮುಚ್ಚಿತು.
ಆಲೂರಿನ ಆಚೆ, ರಾತ್ರಿ ಹತ್ತಕ್ಕೆ, ಎಲ್ಲಿ ಹುಡುಕ್ತೀರಿ?"

ಆಮೇಲೆ ನನ್ನ ಬೆರಳು ಹಿಡಿದು ಕ್ಯಾಮಿನ ಮೇಲಿಟ್ಟ.
"ನಾಲ್ಕು ಉಬ್ಬು. ಮೂರನೇದು ಸಮ ಇಲ್ಲ, ಗೊತ್ತಾತಾ?"
ಗೊತ್ತಾಗಲಿಲ್ಲ. ಎಲ್ಲ ಒಂದೇ ಥರ ನುಣುಪು.
"ಆಯಿಲ್ ಕೂಲರ್ ಅದರ ಎದುರು ಗ್ವಾಡಿ ಹಂಗೆ ನಿಂತೈತೆ,
ಮೂರನೇದಕ್ಕೆ ಗಾಳಿ ಕಮ್ಮಿ.
ಅದಕ್ಕೇ ಮಾಡಿದೋರು ಅದರ ಕಿಡಿ ಒಂದಿಷ್ಟು ತಡ ಇಟ್ಟಾರೆ.
ನಿನ್ನ ಬಳೆಗೆ ಇದು ಗೊತ್ತೇನೋ?"
"ಚಕ್ರದಾಗೆ ಬರೀಬಹುದು, ಒಂದೊಂದಕ್ಕೆ ಒಂದೊಂದು," ಎಂದ ಜಿಲಾನ್,
"ಲ್ಯಾಪ್‌ಟಾಪ್ ಬೇಕು."
"ಬರಿಯೋರು?"
ಹುಡುಗ ವಗ್ಗಾಣಿ ತರಲು ಹೋದ.

ನಾನು ಚಹಾದ ಲೋಟ ಹಿಡಿದೇ ಕೂತಿದ್ದೆ.
ನಮ್ಮ ಶೆಡ್ಡಿನಲ್ಲೂ ನಾಲ್ಕು ಮಷಿನು.
ಮೂರನೆಯದು ಸುಂಕಮ್ಮನದು,
ಡೆನಿಮ್ ಥಾನುಗಳ ರಾಶಿಯ ಹಿಂದೆ, ಗೋಡೆಗೆ ಒತ್ತಿ.
ಫ್ಯಾನು ತಿರುಗುವುದು ಅವಳಿಗೆ ಕೇಳುತ್ತದೆ, ತಾಗುವುದಿಲ್ಲ.
ದಿನಕ್ಕೆ ನಾಲ್ಕು ಪ್ಯಾಂಟು ಕಮ್ಮಿ ಎಂದು
ಕೆಂಪು ಶಾಯಿಯಲ್ಲಿ ಬರೆದವನು ನಾನೇ.
ಎಲ್ಲರಿಗೂ ಒಂದೇ ಲೆಕ್ಕ, ನನ್ನಲ್ಲಿ ಭೇದವಿಲ್ಲ ಎಂದು
ಊರೆಲ್ಲ ಹೇಳಿಕೊಂಡು ತಿರುಗಿದವನೂ.

ಪಾಯಿಂಟೇ ಹಾಕು ಎಂದೆ.
ಡಬ್ಬದಿಂದ ಹಳೆಯ ಮದುವೆ ಪತ್ರಿಕೆಯ ತುಂಡು ತೆಗೆದು
ಎರಡು ತುಟಿಗಳ ನಡುವೆ ತೂರಿಸಿ ಸ್ಕ್ರೂ ಬಿಗಿದ.
"ಈ ಗಂಡ ಹೆಂಡತಿ ಈಗ ಎಲ್ಲದಾರೋ,
ಅಳತೆ ಮಾತ್ರ ನನ್ನ ಹತ್ರ ಐತೆ."
ಇನ್ನೊಂದು ಸೆಟ್ಟು, ಒಂದು ಕಂಡೆನ್ಸರು
ಪೇಪರಿನಲ್ಲಿ ಸುತ್ತಿ ಡ್ಯಾಶಿನೊಳಗೆ ಇಟ್ಟ.
ವ್ಯಾನು ಎದ್ದಿತು. ಅವನು ಕಣ್ಣು ಮುಚ್ಚಿ ಕೇಳಿದ, ನಾನು ಅವನ ಮುಖ ನೋಡಿದೆ.

ಬರುವಾಗ ಬ್ರೂಸ್‌ಪೇಟೆಯಲ್ಲಿ ಇಳಿದು
ಗೋಡೆ ಫ್ಯಾನಿನ ರೇಟು ಕೇಳಿದೆ.
ಕೇಳಿದೆ ಅಷ್ಟೆ. ಕೊಂಡದ್ದು ಹತ್ತು ದಿನದ ಮೇಲೆ,
ಅದೂ ಚೌಕಾಸಿ ಮಾಡಿ.

ಆ ರಾತ್ರಿ ಮಾತ್ರ ಲೆಕ್ಕದ ಪುಸ್ತಕ ತೆಗೆದು
ಕೆಂಪು ಅಂಕಿಗಳ ಮೇಲೆ ಬೆರಳಾಡಿಸಿದೆ.
ನುಣುಪಾಗಿಯೇ ಇತ್ತು ಹಾಳೆ.