ಎಡತೋಳಿನ ಕಲೆ

ಸೋಲ್ ನಗರದ ಉಲ್ಜಿರೋ ಓಣಿಯೊಳಗೆ
ಫಲಕವಿಲ್ಲದ ಆ ಕಾಫಿ ಅಂಗಡಿಗೆ ಮೊದಲು ಬಂದವನು ನಾನು.
ಮೂರನೆಯ ಮಹಡಿ. ಮೆಟ್ಟಿಲಿಗೆ ಹಿಡಿಕಂಬಿಯಿಲ್ಲ, ದೀಪವೂ ಇಲ್ಲ.
ಕೆಳಗೆ ನಟ್ಟು ಬೋಲ್ಟಿನ ಮಳಿಗೆ, ಅದರ ಮೇಲೆ ಅಚ್ಚುಕೂಟ,
ಅದರ ಮೇಲೆ ನಾವು:
ಗುಂಡು ಕನ್ನಡಕ, ಗಿಡ್ಡ ಪ್ಯಾಂಟು, ಹುಳಿಹುಳಿ ಕಾಫಿ,
ಗೀರುಬಿದ್ದ ತಟ್ಟೆಯ ಮೇಲೆ ಸುತ್ತುತ್ತ
ಅಪ್ಪನ ಕಾಲಕ್ಕೇ ಹಳತಾಗಿದ್ದ ಹಾಡು.

ಬಾಗಿಲು ಯಾವುದೆಂದು ತಿಳಿಯದಿರುವುದೇ ಅದರ ಬಾಗಿಲು.
ಕೇಳಿದವರಿಗೆ ಹೇಳಬಾರದು.
ಹೇಳದಿರುವುದು ಮಾತ್ರ
ತುಟಿಯಂಚಿನಲ್ಲಿ ಚೂರು ಕಾಣುವಂತಿರಬೇಕು.
ಸಾಲು ಬೀದಿಗಿಳಿದ ದಿನ ಎದ್ದು ಹೊರಡಬೇಕು,
'ಮುಗಿಯಿತಪ್ಪ ಈ ಜಾಗ' ಅನ್ನುತ್ತ.
ಇಷ್ಟೇ ನಮ್ಮ ಶಾಸ್ತ್ರ. ಯಾರೂ ಬರೆದಿಟ್ಟಿಲ್ಲ,
ಬರೆದರೆ ಎಲ್ಲರೂ ಓದಿಬಿಟ್ಟಾರು.

ಅಂಗಿಯ ವಿಷಯ ಹೇಳುತ್ತೇನೆ.
ನೀಲಿ ಬಣ್ಣದ್ದು, ಕೆಲಸಗಾರರದ್ದು. ದೋಂಗ್‌ಮ್ಯೊ ಸಂತೆಯ
ನೆಲದ ರಾಶಿಯಲ್ಲಿ ಐದು ಸಾವಿರ ವಾನ್‌ಗೆ ಬಿದ್ದಿದ್ದನ್ನು
ಒಬ್ಬಳು ಆರಿಸಿ, ಬಿಳಿ ಗೋಡೆಯ ಮೇಲೆ ಒಂಟಿಯಾಗಿ ತೂಗುಹಾಕಿ
ಎರಡು ಲಕ್ಷ ನಲವತ್ತು ಸಾವಿರಕ್ಕೆ ಕೊಟ್ಟಳು.
ಎದೆಯ ಮೇಲೆ ಹಳದಿ ದಾರದಲ್ಲಿ
ಯಾರದೋ ಹೆಸರು: ಗು ಬೋಂಗ್‌ದು.
ಎಡತೋಳಿನಲ್ಲಿ ಅಂಗೈಯಗಲ ಕಪ್ಪು.
ತೊಳೆದರೆ ಹೋಗುತ್ತಾ, ಕೇಳಿದೆ.
ಹೋಗಕೂಡದು, ಅಂದಳು, ಅದೇ ಕಲೆ.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ,
ನಾನು ಕೆಸರನ್ನೇ ಕೊಂಡೆ, ಕೈಗೆ ತಾಗದಂತೆ.
ಬಾಯಿಗೆ ಓಟ್ಸಿನ ಹಾಲು.

ಎರಡನೆಯ ಮಹಡಿಯ ಛೆ ಮಾನ್‌ಬೋಕ್
ನಲವತ್ತಮೂರು ವರ್ಷದಿಂದ ಕಾಗದ ಕತ್ತರಿಸುವವರು.
ಅವರ ಬಾಗಿಲು ದಾಟಿಯೇ ದಿನಾ ಹತ್ತುತ್ತಿದ್ದೆ.
ಒಮ್ಮೆ ಅವರ ಯಂತ್ರದ ಫೋಟೊ ತೆಗೆದೆ,
ಅವರನ್ನು ತುಸು ಪಕ್ಕಕ್ಕೆ ಸರಿಯಲು ಹೇಳಿ.
ಅವರ ಹೊಚ್ಚಹೊಸ ಪಾಲಿಯೆಸ್ಟರ್ ಶರ್ಟು
ಚಿತ್ರಕ್ಕೆ ಹೊಂದುತ್ತಿರಲಿಲ್ಲ.

ಮೊನ್ನೆ ಇಳಿಯುತ್ತಿದ್ದೆ, ಬೆನ್ನ ಹಿಂದಿನಿಂದ ಕೂಗು:
"ಬೋಂಗ್‌ದು! ಏ ಬೋಂಗ್‌ದು!"
ತಿರುಗಿದೆ.
ಯಾಕೆ ತಿರುಗಿದೆ? ನನ್ನ ಹೆಸರು ಹಾನ್‌ಬ್ಯೊಲ್.
ಆದರೆ ಹಾನ್‌ಬ್ಯೊಲ್ ಎಂದು
ಅಷ್ಟು ಗಂಟಲು ಹರಿದು ಯಾರೂ ಕೂಗಿದ್ದಿಲ್ಲ,
ನನ್ನನ್ನು ಕರೆಯುವುದೆಲ್ಲ ಜೇಬಿನೊಳಗಿನ ನಡುಕ.

ಮುಖ ನೋಡಿದರು. ಕಣ್ಣು ಸೋತಿತು, ತೋಳಿಗೆ ಇಳಿಯಿತು.
"ಈ ಶಾಯಿ ನಾನು ಚೆಲ್ಲಿದ್ದು.
ಚುನಾವಣೆಯ ಭಿತ್ತಿಪತ್ರ, ಮೂರು ರಾತ್ರಿ ನಿದ್ದೆಯಿಲ್ಲ, ಕೈ ಜಾರಿತು.
ಇದ್ದದ್ದು ಒಂದೇ ಅಂಗಿ. ವಾರ ಮಾತು ಬಿಟ್ಟಿದ್ದ.
ಅವನ ಹೆಂಡತಿ ಸೀಮೆಎಣ್ಣೆ ಹಾಕಿದಳು, ಉಪ್ಪು ಹಾಕಿದಳು,
ಅಕ್ಕಿ ತೊಳೆದ ನೀರಲ್ಲಿ ಎರಡು ದಿನ ನೆನೆಸಿದಳು,
ಉಜ್ಜಿ ಉಜ್ಜಿ ಅವಳ ಬೆರಳೇ ಬೆಳ್ಳಗಾಯಿತು.
ಮದುವೆಮನೆಗೆ ಹೋದರೆ ಬಡಪಾಯಿ
ಈ ತೋಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ."

ಈಗ ಎಲ್ಲಿದ್ದಾರೆ?
"ಶ್ವಾಸಕೋಶ," ಅಂದರು. ಅದು ಊರಿನ ಹೆಸರೆಂಬಂತೆ.

ಬಿಚ್ಚಿ ಕೊಡಲಾ ಅಂದೆ. ನನಗೆ ಬಿಗಿ, ಬೇಡ ಅಂದರು.
ಎಷ್ಟು ಕೊಟ್ಟೆ?
ಐದು ಸಾವಿರ, ಅಂದೆ.
"ಜಾಸ್ತಿಯಾಯಿತು."

ಸಾಲು ಅಷ್ಟು ಹೊತ್ತಿಗೆ ಬೀದಿಗಿಳಿದಿತ್ತು.
ಶಾಸ್ತ್ರದ ಪ್ರಕಾರ ನಾನು ಹೊರಡಬೇಕು.
ಕಟ್ಟಡದ ನೆತ್ತಿಗೆ ಕೆಂಪು ಬಣ್ಣದ ಗುರುತು ಬಿದ್ದಾಗಿದೆ,
ನವೆಂಬರಿಗೆ ಅದೂ ಹೊರಡುತ್ತದೆ.
ಮೊದಲು ಬಂದವನು ನಾನು ಎಂದು
ಈ ಮೆಟ್ಟಿಲಲ್ಲಿ ಎಷ್ಟು ಜನಕ್ಕೆ ಹೇಳದೆ ಹೇಳಿದ್ದೆ.

ಮುದುಕ ಒಳಗೆ ಹೋಗಿ ಕಾಗದದ ಕಟ್ಟಿನ
ಒಂದು ತುದಿ ಎತ್ತಿದರು, ಇನ್ನೊಂದು ತುದಿಗೆ ಗದ್ದ ತೋರಿದರು.
ಹಿಡಿದೆ. ಭಾರವಿತ್ತು. ಹಾಗಲ್ಲ, ಹೀಗೆ, ಅಂದರು.
ಆಮೇಲೆ ಕಣ್ಣೆತ್ತದೆ, ರೂಢಿಯ ದನಿಯಲ್ಲಿ,

"ತೋಳು ಮಡಚಿಕೋ ಮಾರಾಯ,
ಶಾಯಿ ಹತ್ತೀತು."