ಸೈಕಲ್ ಹಿಡಕೊಂಡು ಹೊಂಟ್ರ

ಬುಧವಾರ ಮಧ್ಯಾಹ್ನ ಏಳು ಸೈಕಲ್ ಬಂದ್ವು,
ಟಾಟಾ ಏಸಿನ್ಯಾಗ ಒಂದರ ಮ್ಯಾಲೊಂದು ಒರಗಿ,
ಸಂತಿಗೆ ಹೊಂಟ ಕುರಿಗಳಂಗ.
ಠಾಣೆದ ಹಿತ್ತಲದಾಗ ವರ್ಸಗಟ್ಟಲೆ ಬಿದ್ದು
ಯಾರೂ ನಂದು ಅನ್ನದವು.
ಗಣೇಶಪೇಟಿ ಇಮಾಮಸಾಬ ಮೂರು ದಿನ ಕುಂತು
ಚೈನು ಕುಂದ್ರಿಸಿದ, ಬ್ರೇಕಿಗೆ ರಬ್ಬರು ಹಾಕಿದ.
ಗಂಟಿ ನಾಕಕ್ಕಷ್ಟ ಸಿಕ್ವು.
"ಉಳದವರು ಬಾಯಲೆ ಒದರ್ರಿ" ಅಂದ.

ನಾ ಈ ತಂಗುದಾಣದ ರಿಜಿಸ್ಟರ್ ಬರಿಯಾಂವ.
ಹೆಸರು, ವಯಸ್ಸು, ಗುರುತಿಗೊಂದು ಮಚ್ಚಿ.
ವಿಳಾಸ ಅನ್ನೂ ಕಾಲಮ್ಮಿನ್ಯಾಗ
ಗೀಟು ಎಳದೆಳದು
ನನ್ನ ಸ್ಕೇಲಿನ ಅಂಚು ಸವದೈತಿ.

ಮೊದಲನೇದು ತುಳಜಾಸಾಗ.
ಅಮರಗೋಳದ ಎಪಿಎಂಸಿಗೆ
ನಸುಕಿನ ಮೂರಕ್ಕ ಉಳ್ಳಾಗಡ್ಡಿ ಲಾರಿ ಬರ್ತಾವು.
ಮೊದಲ ಬಸ್ಸು ಅಲ್ಲಿ ಮುಟ್ಟೂದ್ರಾಗ
ಚೀಲ ಮತ್ತೊಬ್ಬನ ಬೆನ್ನಿಗೆ ಏರಿರ್ತಾವು.

ಎರಡನೇದು ನಿಂಗವ್ವಗ.
ಕೇಶ್ವಾಪುರದ ಕಲ್ಯಾಣಮಂಟಪದಾಗ
ಕಡೀ ಪಂಕ್ತಿಯ ಪಾತ್ರೆ ತಿಕ್ಕಾಕಿ.
"ಹತ್ತಾಕ ಬರೂದಿಲ್ಲ, ನೂಕಾಕ ಬರ್ತೈತಿ" ಅಂದ್ಲು.
ನಾವೆಲ್ಲ ನಕ್ಕಿವಿ.
ನೂಕಿಕೊಂತ ಹೋದ್ಲು, ನೂಕಿಕೊಂತ ಬಂದ್ಲು,
ಹದಿನೈದು ದಿನ. ನಾನೂ ಕೇಳೇಬಿಟ್ಟೆ,
ಭಾರ ಅಲ್ಲೇನವ್ವಾ?

"ರಾತ್ರಿ ಹನ್ನೆರಡಕ್ಕ ಬರಿಗೈಲೆ ಹೊಂಟ್ರ
ಜೀಪು ನಿಲ್ಲತೈತಿ.
ಎಲ್ಲಿಗೆ? ಯಾರ ಪೈಕಿ? ಚೀಲದಾಗೇನೈತಿ?
ಸೈಕಲ್ ಹಿಡಕೊಂಡು ಹೊಂಟ್ರ ಏನೂ ಕೇಳೂದಿಲ್ಲರಿ.
ಮನಿಗೆ ಹೊಂಟಾಳ ಅಂತ ತಿಳಕೊಂತಾರ."
ಅಷ್ಟಂದು,
"ಗೇಟು ತಗೀರಿ, ಕಾಲು ಸೋತಾವು" ಅಂದ್ಲು.

ಗ್ವಾಡಿ ಮ್ಯಾಲೆ ನಿಯಮದ ಹಲಗಿ ಐತಿ:
ಬೀಡಿ, ಸೆರೆ, ಜಗಳ, ವಾಹನ — ಒಳಗ ಇಲ್ಲ.
ವಾಹನ ಅಂತ ಬರದಾಗ
ಇಲ್ಲಿದ್ದವರ ಹತ್ತರ ಚಪ್ಪಲ್ಲೂ ಜೋಡಿ ಇರಲಿಲ್ಲ.

ಆಷಾಢದ ಒಂದು ರಾತ್ರಿ, ಜಿಟಿಜಿಟಿ ಮಳಿ.
ಹನ್ನೊಂದನೇ ಮಂಚ ಖಾಲಿ.
ಬ್ಯಾಟರಿ ಹಿಡದು ಹೊರಗ ಬಂದೆ.
ಗಟಾರದ ಕಲ್ಲಿನ ಮ್ಯಾಲೆ ತುಳಜಾಸಾ,
ಸೈಕಲ್ಲಿಗೆ ಪ್ಲಾಸ್ಟಿಕ್ ಹಾಳಿ ಹೊಚ್ಚಿ
ತಾನು ತೊಯ್ಕೊಂತ,
ಮುಂದಿನ ಗಾಲಿಯೊಳಗ ಒಂದು ಕಾಲು ಹಾಕಿ ಮಲಗಿದ್ದ.
ಟೇಶನ್ನಿನ ಮೆಟ್ಟಲದಿಂದ ಈ ಮನಷ್ಯಾನ ಒಳಗ ಕರಿಯಾಕ
ಏಳು ತಿಂಗಳು ಚಾ ಕುಡಿಸೀನಿ.
ಯಾಕೋ ಮಾರಾಯ?
"ಇದು ಹೊರಗೈತಲ್ರೀ" ಅಂದ.

ಕೀಲಿ ತಗದೆ.
ಒಂದೊಂದ ನಾವಿಬ್ರೂ ಎತ್ತಿ ಒಳಗ ತಂದಿವಿ,
ಸಪ್ಪಳ ಆಗದಂಗ. ಆದರೂ
ಯಾವುದೋ ಒಂದು ಗಂಟಿ ಠಿಣ್ ಅಂತು.
ಯಾರೂ ಏಳಲಿಲ್ಲ. ಮಂಚದ ನಡಕ ಮಂಚದಂಗ
ಸೈಕಲ್ಲೂ ಒರಗಿದ್ವು,
ಪೆಡಲಿನ ಮ್ಯಾಲೆ ಯಾರದೋ ಕೈ ಜೋತಿತ್ತು.

ಸೋಮವಾರ ಪಾಲಿಕೆ ಸಾಹೇಬರು ಬಂದ್ರು.
ಫರ್ಸಿ ನೋಡಿದ್ರು. "ಇದೇನು ಕರೇ ಕಲಿ?"
ಮಾಳಿಗಿ ಸೋರತೈತ್ರೀ, ಅಂದೆ.
ಅವರು ತಲಿ ಎತ್ತಿದ್ರು, ಭಾಳ ಹೊತ್ತು.
ಮ್ಯಾಲೆ ಏನೂ ಇರಲಿಲ್ಲ, ಒಣಾ ಸುಣ್ಣ.
"ಹೂಂ. ರಿಪೇರಿಗೆ ಬರಕೊಂತೀನಿ" ಅಂದು
ಬಾಗಲದಾಗಿನ ನಿಂಗವ್ವನ ಸೈಕಲ್ಲು
ತಾವ ಸರಿಸಿ
ದಾಟಿ ಹೋದ್ರು.