ಅರ್ಥಿಂಗ್ ಗುಂಡಿಗೆ ಎರಡು ಕೊಡ

ಹತ್ತೊಂಬತ್ತು ಮಂದಿ ಭಿಶಿ, ಕಡೀ ಚೀಟಿ ನಂದು.
ಮಾದೇವಿ ಬಿಲ್ವಾರ ಮಾಡಿಸಿದಳು, ರುಕ್ಸಾನಾ ಫ್ರಿಜ್ ತಂದಳು,
ನಾ ಕಾಗದದ ಮ್ಯಾಲ ಬರದೆ:
ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಕಾರ್ಡ್.
ಕಾರ್ಡಂದ್ರ ರೇಷನ್ ಕಾರ್ಡೇನವಾ, ಅಂದಳು ಅತ್ತಿ.
ಹೌದತ್ತಿ, ಅಂದೆ,
ಇದಕ್ಕ ಮೂರು ಫ್ಯಾನ್ ಇರತಾವ.

ಹಗಲೆಲ್ಲ ದಾಲ್ ಮಿಲ್ಲಿನ ಕಾಟಾ ಮುಂದ ಕೂತು
ತೊಗರಿ ಚೀಲದ ತೂಕ ಬರಕೋತೀನಿ.
ಐವತ್ತು ಕಿಲೋ. ಮಣ್ಣು ಕಳದು ನಾಲ್ವತ್ತೊಂಬತ್ತೂವರಿ.
ಅದೇ ಪುಸ್ತಕದ ಹಿಂದಿನ ಹಾಳ್ಯಾಗ ಈ ಲೆಕ್ಕ:
ಪ್ರೊಸೆಸರ್ ತಿನ್ನೋದು ನೂರಾ ಇಪ್ಪತ್ತು ವ್ಯಾಟು,
ಕಾರ್ಡ್ ತಿನ್ನೋದು ಮುನ್ನೂರಾ ಅರವತ್ತು,
ಉಳದದ್ದು ಚಿಲ್ಲರ.
ಅಷ್ಟುದ್ದದ ಕಾರ್ಡು ಡಬ್ಬ್ಯಾಗ ಹೊಂದತದೋ ಇಲ್ಲೋ ಅಂತ
ಲಟ್ಟಣಿಗಿ ಇಟ್ಟು ಅಳದೆ.
ಎರಡು ಬಟ್ಟು ಕಮ್ಮಿ ಬಿತ್ತು.
ಡಬ್ಬಿ ಬದಲಿ.

ಸೂಪರ್ ಮಾರ್ಕೆಟ್ಟಿನ ಅಂಗಡಿ ವಿಠ್ಠಲ
ನನ್ನ ಹಿಂದ ಯಾರರೆ ತಮ್ಮ ಬಂದಾನೇನಂತ ಇಣಿಕಿದ.
ಯಾರಿಗ್ರಿ ಅಕ್ಕೋರ?
ನನಗ.
ಆಮ್ಯಾಲ ಗಾಜಿನ ಬಾಗಿಲದ ಡಬ್ಬಿ ತೋರಿಸಿದ,
ಒಳಗ ಏಳು ಬಣ್ಣ, ಉರುಸಿನ ಕಮಾನಿನಂಗ.
ಮನಸು ಹೋತು. ಖರೇ ಹೇಳಬೇಕಂದ್ರ, ಭಾಳ ಹೋತು.

ಲಾಡ್ಲೇಸಾಬ ಕಾಕಾ ನಮ್ಮ ಮಿಲ್ಲಿನ ಮೋಟಾರ್ ಸುತ್ತಾವ.
ಸುಟ್ಟ ತಾಮ್ರದ ವಾಸನಿ ಮ್ಯಾಲೇ
ತಪ್ಪು ಯಾರದಂತ ಹೇಳತಾನ.
ನನ್ನ ಪಟ್ಟಿ ಮ್ಯಾಲ ಬೆರಳಿಟ್ಟು ಇಳಕೋತ ಬಂದ,
ಒಂದು ಹೆಸರೂ ತಿಳೀಲಿಲ್ಲ.
"ಇವಕ್ಕೆಲ್ಲ ಕರೆಂಟ್ ಕೊಡಾವ ಯಾವ?"
ಕಡೀ ಸಾಲು. ಉಳದ ಮೂರು ಸಾವಿರಕ್ಕ ಸಿಕ್ಕದ್ದು.
ಅವ ನಗಲಿಲ್ಲ.
"ನಮ್ಮ ಲೈನ್ ನಿನಗ ಗೊತ್ತದ ಬೇಟಾ,
ಸಂಜಿಗಿ ನೂರಾ ಎಂಬತ್ತು, ನಡರಾತ್ರಿ ಇನ್ನೂರಾ ಅರವತ್ತು.
ಮನಿಗಿ ಅರ್ಥಿಂಗ್ ಅದನೋ ಇಲ್ಲೋ?"
ಇರಬೇಕು, ಅಂದೆ.
"ಇರಬೇಕು ಅನ್ನೋದು ಅರ್ಥಿಂಗ್ ಅಲ್ಲ."

ಸಂಜಿಗಿ ಟೆಸ್ಟಿಂಗ್ ಬಲ್ಬ್ ಹಿಡಕೊಂಡು ಬಂದ.
ಹಿತ್ತಲದಾಗ, ಬಚ್ಚಲ ನೀರಿನ ಬಾಜೂಕ,
ಒಂದು ಶಹಾಬಾದಿ ಫರ್ಸಿ ಎಬ್ಬಿಸಿದ.
ಕೆಳಗ ಕೊಳವಿ, ತುಕ್ಕು, ಒಣಗಿದ ಇದ್ದಲಿ.
ಬ್ಯಾಸಗಿಗೆ ಕರೀ ಮಣ್ಣು ಬಾಯಿ ಬಿಟ್ಟಿತ್ತು,
ಮುಂಗೈತನಕ ಹೋಗುವಷ್ಟು.
ತಂತಿ ಇತ್ತು. ಮಣ್ಣಿಗಿ ಹತ್ತಿದ್ದಿಲ್ಲ.

ಪಟ್ಟಿ ಮತ್ತ ಬರದೆ.
ದೀಪ ಹೊಡದೆ, ಗಾಜು ಹೊಡದೆ,
ಜಾಳಿಗಿ ಮಾರಿಯ ಡಬ್ಬಿ, ತೊಗರಿ ಹೊಟ್ಟಿನ ಧೂಳಿಗಿ
ತೊಳದು ಒಣಹಾಕೋ ಫಿಲ್ಟರು.
ನೀರಿನ ಕೂಲರ್ ಬ್ಯಾಡ. ನಲವತ್ನಾಕು ಡಿಗ್ರಿ ಖೋಲ್ಯಾಗ
ನೀರು ಯಾರನ್ನ ತಂಪು ಮಾಡೀತು?
ಎರಡು ಗೋಪುರದ ಹೀಟ್‌ಸಿಂಕ್ ಸಾಕು.
ಅದು ರ‍್ಯಾಮಿನ ನೆತ್ತಿಗಿ ಬಡೀತದಂತ
ಗಿಡ್ಡ ರ‍್ಯಾಮ್.
ಕಾರ್ಡ್ ಮಾತ್ರ ಬಿಡಲಿಲ್ಲ.
ಒಂದು ಮೆಟ್ಟಲ ಕೆಳಗಿಂದು ತಗೋರಿ, ಅಂದ ವಿಠ್ಠಲ.
ಇಲ್ಲಪಾ. ಇಷ್ಟು ವರ್ಷ
ಮೊಬೈಲಿನ ಅಂಗೈಯಷ್ಟು ಕಾಡಿನ್ಯಾಗ ಅಡ್ಡಾಡೀನಿ,
ನನಗ ಎಲಿ ಎಲಿ ಬ್ಯಾರೆ ಕಾಣಬೇಕು.

ಪವರ್ ಸಪ್ಲೈ ಮೊದಲ ಸಾಲಿಗಿ ಬಂತು.
ಸಾವಿರ ವ್ಯಾಟು, ಹತ್ತು ವರ್ಷದ ಗ್ಯಾರಂಟಿ.
ಕಾಕಾ ಗ್ಯಾರಂಟಿ ಓದಲಿಲ್ಲ,
ಎತ್ತಿ ತೂಕ ನೋಡಿ ತಲಿ ಹಾಕಿದ:
"ಇದರಾಗ ತಾಮ್ರ ಅದ."

ಇವತ್ತ ಜಮಖಾನಿ ಮ್ಯಾಲ ಎಲ್ಲಾ ಕೂಡಿಸೀನಿ.
ಒಂದು ಸ್ಕ್ರೂ ಫರ್ಸಿ ಸಂದ್ಯಾಗ ಹೋತು,
ಅತ್ತಿ ತಲಿಯ ಪಿನ್ನಿನಿಂದ ತಗದುಕೊಟ್ಟಳು,
ಆವಾಗಿಂದ ಇದು ನಮ್ಮಿಬ್ಬರದು.

ಹಿತ್ತಲಕ್ಕ ಹೋದೆ, ಒಂದು ಸೇರು ಉಪ್ಪು, ಎರಡು ಕೊಡ ನೀರು.
ಮೊದಲನೇದು ಸಪ್ಪಳಿಲ್ಲದ ಇಳೀತು.
ಎರಡನೇದಕ್ಕ ಒಂದು ಗುಳ್ಳಿ ಎದ್ದು ಒಡೀತು.
ಒಳಗ ಬಟನ್ ಮ್ಯಾಲ ಬಟ್ಟಿಟ್ಟು ಅತ್ತಿ ಕೂಗತಾಳ,
ಒತ್ತಲೇನ?
ತಡೀ ಅತ್ತಿ,
ಇನ್ನಾ ಕುಡೀಲಕತ್ತದ.